ಇಪ್ಪತ್ತೆಂಟು ಡಾಲರಿನ ಮನೆ, ಬರೆಯದೆ ಬಿಟ್ಟ ಖರ್ಚು

1845ರಲ್ಲಿ ಲೇಖಕ ಹೆನ್ರಿ ಡೇವಿಡ್ ಥೋರೋ ಅಮೆರಿಕದ ವಾಲ್ಡನ್ ಕೊಳದ ಪಕ್ಕ ಹತ್ತಡಿಗೆ ಹದಿನೈದಡಿಯ ಗುಡಿಸಲು ಕಟ್ಟಿದ. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಅದು ಒಂದೂವರೆ ಚದರ. ಹಲಗೆಗಳು ರೈಲ್ವೆ ಕೆಲಸಗಾರನೊಬ್ಬನ ಜೋಪಡಿ ಕೊಂಡು ಬಿಚ್ಚಿ ತಂದವು. ಸಾವಿರ ಹಳೆಯ ಇಟ್ಟಿಗೆಗೆ 4 ಡಾಲರ್, ಗಾಜು ಸಮೇತ ಎರಡು ಹಳೆಯ ಕಿಟಕಿಗೆ 2 ಡಾಲರ್ 43 ಸೆಂಟ್. ಒಟ್ಟು 28 ಡಾಲರ್ ಹನ್ನೆರಡೂವರೆ ಸೆಂಟ್ ಎಂದು ಕಾಸಿಗೆ ಕಾಸು ಬರೆದಿಟ್ಟ. ಜಾಗ ಗೆಳೆಯ ಎಮರ್ಸನ್ನನದು, ಮೈಮುರಿದು ದುಡಿದವನು ತಾನೇ. ಹಾಗಾಗಿ ಎರಡೂ ಆ ಮೊತ್ತಕ್ಕೆ ಸೇರಲಿಲ್ಲ. ಬಳಸಿ ಬಿಟ್ಟ ಸಾಮಾನಿನಿಂದ ಸ್ವಾವಲಂಬಿ ಪುಟ್ಟ ಮನೆ ಕಟ್ಟಲು ಹೊರಟವರ ಮುಂದಿನ ಚರಿತ್ರೆಯಲ್ಲಿ, ಹೀಗೆ ಬಿಟ್ಟುಹೋದ ಬಾಬ್ತುಗಳು ಒಂದೊಂದಾಗಿ ಲೆಕ್ಕಕ್ಕೆ ಬಂದವು.

ಆದರೆ ಅವಕ್ಕೂ ಮೊದಲು ಕಣ್ಣಿಗೆ ಬಿದ್ದದ್ದು ಸಾಮಾನು. ನೆವಾಡಾ ಮರುಭೂಮಿಯ ರಯೋಲೈಟ್ ಎಂಬ ಗಣಿಯೂರಲ್ಲಿ ಮರಕ್ಕೆ ಬರ, ಹೆಂಡದಂಗಡಿಗಳಿಗೆ ಬರವಿಲ್ಲ. 1906ರಲ್ಲಿ ಟಾಮ್ ಕೆಲ್ಲಿ ಎಂಬಾತ ಸುಮಾರು 50,000 ಖಾಲಿ ಬಾಟಲಿಗಳನ್ನು ಮಣ್ಣಿನ ಗಾರೆಯಲ್ಲಿ ಕೂರಿಸಿ ಮನೆ ಎಬ್ಬಿಸಿದ. ಊರು ಪಾಳುಬಿದ್ದರೂ ಆ ಮನೆ ನಿಂತಿದೆ. ಇದೇ ಉಪಾಯವನ್ನು ಕಾರ್ಖಾನೆಗೆ ಒಯ್ಯಲು ನೋಡಿದವರು ಬಿಯರ್ ಉದ್ಯಮಿ ಆಲ್ಫ್ರೆಡ್ ಹೈನೆಕೆನ್. ಕುರಸಾವೋ ದ್ವೀಪದ ಕಡಲತೀರದಲ್ಲಿ ಬಿದ್ದಿದ್ದ ಬಾಟಲಿಗಳನ್ನು ಕಂಡ ಅವರು, ಕುಡಿದ ಮೇಲೆ ಇಟ್ಟಿಗೆಯಾಗುವಂಥ ಚೌಕ ಬಾಟಲಿಯನ್ನು ವಾಸ್ತುಶಿಲ್ಪಿ ಜಾನ್ ಹಬ್ರಾಕೆನ್ ಅವರಿಂದ ಮಾಡಿಸಿದರು. 1963ರಲ್ಲಿ ಅದು ತಯಾರಾಯಿತು, ಮಾರುಕಟ್ಟೆಗೆ ಮಾತ್ರ ಬರಲಿಲ್ಲ. ಕಸದಿಂದ ಗೋಡೆ ಏಳುವುದು ಆ ಕಸ ಕಾಲಬುಡದಲ್ಲೇ ರಾಶಿ ಬಿದ್ದಿರುವಲ್ಲಿ.

ಗೋಡೆಯೊಳಗಿನ ಬದುಕನ್ನೂ ಸೇರಿಸಿ ಯೋಚಿಸಿದವರು ನ್ಯೂ ಮೆಕ್ಸಿಕೋದ ಟಾವೋಸಿನ ವಾಸ್ತುಶಿಲ್ಪಿ ಮೈಕೆಲ್ ರೆನಾಲ್ಡ್ಸ್. 1970ರ ದಶಕದ ಆರಂಭದಲ್ಲಿ ಬಿಯರ್ ಡಬ್ಬಿಗಳಿಂದ ಮನೆ ಕಟ್ಟಿ, ಮುಂದೆ ಸವೆದ ಟೈರುಗಳಿಗೆ ಬಂದರು. ಟೈರಿಗೆ ಮಣ್ಣು ತುಂಬಿ ಸುತ್ತಿಗೆಯಿಂದ ಗಿಡಿದರೆ ಒಂದೊಂದೂ ನೂರು ಕಿಲೋ ದಾಟಿ ತೂಗುತ್ತದೆ. ದಕ್ಷಿಣದ ಗಾಜಿನಿಂದ ಬಂದ ಚಳಿಗಾಲದ ಬಿಸಿಲನ್ನು ಆ ದಪ್ಪ ಗೋಡೆ ಹೀರಿಟ್ಟುಕೊಂಡು ರಾತ್ರಿ ಬಿಡುತ್ತದೆ. ಚಾವಣಿಯ ಮಳೆ, ಹಿಮದ ನೀರು ತೊಟ್ಟಿಗೆ ಇಳಿಯುತ್ತದೆ. ಮಿಂದ ನೀರು ಒಳಗಿನ ಗಿಡಗಳ ಪಾತಿಗೆ, ಅಲ್ಲಿಂದ ಕಕ್ಕಸಿಗೆ, ಕೊನೆಗೆ ಹೊರಗಿನ ಗಿಡಗಳಿಗೆ ಹೋಗುತ್ತದೆ. ಹಗಲು ಉರಿಬಿಸಿಲು, ರಾತ್ರಿ ಕೊರೆವ ಚಳಿ ಇರುವ ಒಣನಾಡಿಗೆ ಹೇಳಿ ಮಾಡಿಸಿದ 'ಅರ್ಥ್‌ಶಿಪ್' ಇದು. ಮೋಡ ಮುಸುಕಿದ ಒದ್ದೆ ಸೀಮೆಯಲ್ಲಿ ಅಷ್ಟು ಸಲೀಸಲ್ಲ. ಟೈರು ಪುಕ್ಕಟೆ, ಗಿಡಿಯುವ ರಟ್ಟೆ ಪುಕ್ಕಟೆಯಲ್ಲ.

ಈ ರಟ್ಟೆಯ ಲೆಕ್ಕವನ್ನು ಬಯಲಿಗಿಟ್ಟದ್ದು ಅಲಬಾಮಾದ ರೂರಲ್ ಸ್ಟುಡಿಯೋ. ಆಬರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಮಾಕ್ಬಿ ಮತ್ತು ಡಿ. ಕೆ. ರೂತ್ 1993ರಲ್ಲಿ ಆರಂಭಿಸಿದ ಈ ಶಾಲೆಯ ವಿದ್ಯಾರ್ಥಿಗಳು ಬಡವರಿಗೆ ಹುಲ್ಲಿನ ಪೆಂಡಿಗಳ ಮನೆ ಕಟ್ಟಿದರು. ಟೈರುಗಳಿಂದ ಪ್ರಾರ್ಥನಾಮಂದಿರವನ್ನೂ, ಕಾರಿನ ಮುಂಗಾಜುಗಳಿಂದ ಸಮುದಾಯ ಭವನವನ್ನೂ ಎಬ್ಬಿಸಿದರು. ನೋಡಲು ಸೊಗಸು. ಆದರೆ ವಿದ್ಯಾರ್ಥಿಗಳ ಬಿಟ್ಟಿ ದುಡಿಮೆ ಇಲ್ಲದ ಕಡೆ ಅಂಥದೇ ಇನ್ನೊಂದನ್ನು ಕಟ್ಟುವುದು ಕಷ್ಟ. 2005ರಲ್ಲಿ ಅದೇ ಸ್ಟುಡಿಯೋ ಕೂಲಿಯೂ ಸೇರಿ 20,000 ಡಾಲರಿನಲ್ಲಿ ಮುಗಿಯುವ ಮನೆಯ ಪ್ರಯೋಗಕ್ಕೆ ಕೈಹಾಕಿದಾಗ ಅಂಗಡಿಯಲ್ಲಿ ಸಿಗುವ ಮಾಮೂಲಿ ಮರಮುಟ್ಟಿಗೇ ಮರಳಿತು.

ಮುಂದೆ ಎದುರಾದದ್ದು ಕಾನೂನು. 1999ರಲ್ಲಿ ಅಮೆರಿಕದ ಜೇ ಶೇಫರ್ ಎಂಬವರು ತಮಗಾಗಿ ಒಂದು ಚದರಕ್ಕೂ ಕಡಿಮೆಯ ಮನೆ ಕಟ್ಟಿಕೊಂಡಾಗ ಅದನ್ನು ಗಾಲಿಯ ಮೇಲೆ ಕೂರಿಸಿದರು. ಅಷ್ಟು ಚಿಕ್ಕದನ್ನು ನಿಯಮಗಳು ಮನೆಯೆಂದೇ ಒಪ್ಪುತ್ತಿರಲಿಲ್ಲ. ಗಾಲಿಯಿದ್ದರೆ ಅದು ವಾಹನ. ರೆನಾಲ್ಡ್ಸ್ ಕೂಡ ಪರವಾನಗಿ ಕಳೆದುಕೊಂಡು ವರ್ಷಗಟ್ಟಲೆ ಹೆಣಗಿದರು. ಪ್ರಾಯೋಗಿಕ ಮನೆಗಳಿಗೆ ಜಾಗ ಮಾಡಿಕೊಡುವ ಕಾಯ್ದೆ ನ್ಯೂ ಮೆಕ್ಸಿಕೋದಲ್ಲಿ ಬಂದದ್ದು 2007ರಲ್ಲಿ. ನಾಲ್ಕು ಚದರದೊಳಗಿನ ಮನೆಗೆಂದೇ ಅಟ್ಟ, ಏಣಿಗಳ ಅಳತೆ ಹೇಳುವ ಅನುಬಂಧವೊಂದು ಅಮೆರಿಕದ ಮಾದರಿ ಕಟ್ಟಡ ಸಂಹಿತೆಯ 2018ರ ಆವೃತ್ತಿಯಲ್ಲಿ ಸೇರಿತು.

ಈ ನಡುವೆ ಕರೆಂಟಿನ ಬಾಬ್ತು ಅಗ್ಗವಾಯಿತು. 1970ರ ದಶಕದಲ್ಲಿ ವ್ಯಾಟಿಗೆ ಹತ್ತಾರು ಡಾಲರ್ ಇದ್ದ ಸೌರಫಲಕ ಈಗ ಅರ್ಧ ಡಾಲರಿಗೂ ಕೆಳಗಿದೆ. 60 ವ್ಯಾಟಿನ ಬುರುಡೆ ಕೊಡುತ್ತಿದ್ದ ಬೆಳಕಿಗೆ ಎಲ್‌ಇಡಿಯ 9 ವ್ಯಾಟ್ ಸಾಕು. ಗೀಸರ್, ಇಸ್ತ್ರಿಪೆಟ್ಟಿಗೆಯಂಥ ಕಾಯಿಸುವ ಯಂತ್ರಗಳನ್ನು ದೂರವಿಟ್ಟರೆ ಪುಟ್ಟ ಮನೆಗೆ ಒಂದೆರಡು ಫಲಕಗಳಲ್ಲೇ ದಿನ ತಳ್ಳಬಹುದು. ಜಾಣತನ ಬೇಕಿರುವುದು ಗುಜರಿಯಿಂದ ಏನನ್ನು ತರಬಾರದೆಂಬುದರಲ್ಲಿ. ಕಾರಿನ ಹಳೆಯ ಬ್ಯಾಟರಿ ಎಂಜಿನ್ ಹೊಡೆಸಲು ಮಾಡಿದ್ದು, ದಿನಾ ಪೂರ್ತಿ ಬರಿದಾದರೆ ಬಾಳುವುದಿಲ್ಲ. ಸರಕಿನ ಪೆಟ್ಟಿಗೆಯಡಿಯ ಪ್ಯಾಲೆಟ್ ಹಲಗೆಯ ಮೇಲೆ 'ಎಚ್‌ಟಿ' ಎಂದಿದ್ದರೆ ಬಿಸಿಯಿಂದ ಹುಳು ಕೊಂದದ್ದು. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಾನಿಲ ಹಾಯಿಸಿದ್ದು, ಮನೆಯೊಳಗೆ ಬೇಡ.

ನಮ್ಮ ಕಡೆ ಈ ದಾರಿ ಬೇರೆ ಬಾಗಿಲಿಂದ ಬಂತು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್, ಕೆಡವಿದ ಮನೆಗಳ ಬಾಗಿಲು, ಕಿಟಕಿಗಳನ್ನು ಹೊಸ ಗೋಡೆಗೆ ಕೂರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ, ಸ್ಥಳದ ಮಣ್ಣಿಗೇ ತುಸು ಸಿಮೆಂಟು ಬೆರೆಸಿ ಒತ್ತಿದ, ಸುಡಬೇಕಿಲ್ಲದ ಇಟ್ಟಿಗೆಯನ್ನು ರೂಪಿಸಿತು. ಅದೇ ನಗರದಲ್ಲಿ ವಿಜ್ಞಾನಿ ಎ. ಆರ್. ಶಿವಕುಮಾರ್ ಜಲಮಂಡಳಿಯ ನಲ್ಲಿಯಿಲ್ಲದೆ, ಚಾವಣಿಗೆ ಬಿದ್ದ ಮಳೆನೀರಲ್ಲೇ ದಶಕಗಳ ಸಂಸಾರ ನಡೆಸಿ ತೋರಿಸಿದರು. ಇವೆಲ್ಲ ಬಿಡಿ ಬಿಡಿಯಾಗಿ ಗೆದ್ದಿವೆ. ಆದರೆ ಸೈಟಿನ ಬೆಲೆಯ ಮುಂದೆ ಇಟ್ಟಿಗೆಯಲ್ಲಿ ಉಳಿಸಿದ ದುಡ್ಡು ಎಷ್ಟರದು? ಎಮರ್ಸನ್ನನಂಥ ಗೆಳೆಯ ಎಲ್ಲರಿಗೂ ಸಿಗುವುದಿಲ್ಲ. ಥೋರೋ ಬರೆಯದ ಎರಡು ಬಾಬ್ತುಗಳಲ್ಲಿ ಜಾಗದ್ದು ಇಂದಿಗೂ ಬಗೆಹರಿದಿಲ್ಲ.

ಎರಡು ವರ್ಷ ಎರಡು ತಿಂಗಳ ಮೇಲೆ ಥೋರೋ ಗುಡಿಸಲು ಬಿಟ್ಟ. ಜಾಗ ಎಮರ್ಸನ್ನನ ಬಳಿಯೇ ಉಳಿಯಿತು. ಗುಡಿಸಲು ಕೈಯಿಂದ ಕೈಗೆ ದಾಟಿ, ರೈತರೊಬ್ಬರ ಹೊಲಕ್ಕೆ ಸಾಗಿ ಕಾಳಿನ ಕಣಜವಾಯಿತು. 1868ರಲ್ಲಿ ಬಿಚ್ಚಿದಾಗ ಚಾವಣಿ ಮತ್ತೊಂದು ಕೊಟ್ಟಿಗೆಯ ಮೇಲೇರಿತು, ಹಲಗೆಗಳು ಮುಂದೆ ಇನ್ನೊಂದರ ತೇಪೆಗೆ ಹೋದವು. ಜೋಪಡಿಯಿಂದ ಬಂದ ಮರಕ್ಕೆ ಅದು ಮೂರನೆಯ ಮನೆ.