ಬೆಳಕು ಯಾರ ಮೇಲೆ? ಬಳ್ಳಿಗಾವಿಯ ಕಲ್ಲು, ಬ್ಲೂಸ್ ಫಿಲ್ಮು, ನಮ್ಮ ರೀಲು

1/8
ಶಿಕಾರಿಪುರದ ಕಡೆಯವರಾಗಿ ಬಳ್ಳಿಗಾವಿಯಲ್ಲಿ ಒಂದೂ ರೀಲ್ ಮಾಡದೇ ಇರೋರು ಯಾರಾದ್ರೂ ಇದ್ದೀರಾ? ಕೇದಾರೇಶ್ವರದ ಅಂಗಳ, ತ್ರಿಪುರಾಂತಕೇಶ್ವರದ ಬಾಗಿಲು, ಸಂಜೆ ಬಿಸಿಲು, ಮೇಲೊಂದು ಟ್ರೆಂಡಿಂಗ್ ಆಡಿಯೋ. ಫೋನ್ ನಿಮ್ಮ ಮುಖವನ್ನ ಸ್ಪಷ್ಟ ಮಾಡುತ್ತೆ. ಹಿಂದೆ ಕಲ್ಲಿನಲ್ಲಿ ಕುಣಿಯುವವರು, ವಾದ್ಯ ನುಡಿಸುವವರು ಮಸುಕಾಗಿಬಿಡ್ತಾರೆ.

ಅದನ್ನ ತಪ್ಪು ಅಂತ ಹೇಳೋಕೆ ಬಂದಿಲ್ಲ. ಆದರೆ ಯಾರು ಸ್ಪಷ್ಟ, ಯಾರು ಮಸುಕು ಅನ್ನೋದು ಸುಮ್ಮನೆ ಆಗುವ ವಿಷಯವಲ್ಲ. ಯಾರೋ ಒಬ್ಬರು ಅದನ್ನು ತೀರ್ಮಾನ ಮಾಡಿರ್ತಾರೆ. ಈ ಸಲದ ಸರಣಿ ಆ ತೀರ್ಮಾನದ ಚರಿತ್ರೆ. ನೋಡೋದು ಅಮೆರಿಕದ ಎರಡು ಹಳೇ ಮ್ಯೂಸಿಕ್ ಫಿಲ್ಮ್‌ಗಳನ್ನ: 1929ರ ಒಂದು ಬ್ಲೂಸ್, 1944ರ ಒಂದು ಜಾಝ್. ನೋಡುವ ಕಣ್ಣನ್ನ ಮಾತ್ರ ನಮ್ಮೂರಿನಿಂದಲೇ ತಗೊಂಡು ಹೋಗೋಣ.

2/8
ಸೊರಬ ತಾಲ್ಲೂಕಿನ ಯಾವುದಾದರೂ ವೀರಗಲ್ಲಿನ ಮುಂದೆ ನಿಂತು ನೋಡಿ. ಸಾಮಾನ್ಯವಾಗಿ ಮೂರು ಅಂಕಣ. ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ, ಅದು ಎಷ್ಟೋ ಸಲ ತುರುಗೋಳು, ಅಂದರೆ ದನಗಳಿಗಾಗಿ ನಡೆದ ಹೊಡೆದಾಟ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲೆ ಶಿವಸಾನ್ನಿಧ್ಯ. ಬಿಡಿಸಿದವನು ಎಡಿಟರ್ ಕೂಡ ಹೌದು: ವೀರ ದೊಡ್ಡವನು, ಎದುರಾಳಿ ಸಣ್ಣವನು, ವೀರನ ಮನೆಯವರ ಅಳು ಚೌಕಟ್ಟಿನಲ್ಲೇ ಇಲ್ಲ.

ಬಳ್ಳಿಗಾವಿಯಲ್ಲಿ ಇನ್ನೊಂದು ಪಾಠ ಇದೆ. ಇಲ್ಲಿನ ಕೋಡಿಯಮಠದ 1162ರ ಶಾಸನ ಆ ಮಠದಲ್ಲಿ ಏನೇನು ಓದಿಸುತ್ತಿದ್ದರು, ಯಾರ್‍ಯಾರಿಗೆ ಅನ್ನ ಹಾಕುತ್ತಿದ್ದರು ಅಂತ ಹೇಳುತ್ತದೆ. ಬಡವರು, ಕುಂಟರು, ಕುರುಡರ ಜೊತೆಗೆ ಆ ಪಟ್ಟಿಯಲ್ಲಿ ಹಾಡುವವರು, ನುಡಿಸುವವರು, ಕುಣಿಯುವವರು, ನಟರೂ ಇದ್ದಾರೆ. ಆದರೆ ಗುಂಪಾಗಿ, ಹೆಸರಿಲ್ಲದೆ. ಇದೇ ಬಳ್ಳಿಗಾವಿಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ಮಾತ್ರ ಬೇಲೂರಿನ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೊರೆದುಕೊಂಡಿದ್ದಾರೆ. ಚಿತ್ರ ಮಾಡಿದವನ ಹೆಸರು ಉಳಿಯಿತು. ಚಿತ್ರದೊಳಗೆ ನುಡಿಸಿದವನದು ಉಳಿಯಲಿಲ್ಲ.

ಹಾಗಾಗಿ ಯಾವ ಮ್ಯೂಸಿಕ್ ವಿಡಿಯೋ ನೋಡಿದರೂ ನಾಲ್ಕು ಪ್ರಶ್ನೆ ಕೇಳಿ:
• ಬೆಳಕು ಯಾರ ಮೇಲೆ ಬಿದ್ದಿದೆ?
• ಅವರನ್ನು ಯಾವ ಜಾಗದಲ್ಲಿ ನಿಲ್ಲಿಸಿದ್ದಾರೆ?
• ಅವರು ಯಾರಿಗಾಗಿ ಹಾಡ್ತಿದ್ದಾರೆ?
• ಹೆಸರು ಯಾರದ್ದು ಉಳಿಯಿತು?

3/8
ಮ್ಯೂಸಿಕ್ ವಿಡಿಯೋ 1981ರಲ್ಲಿ ಎಂಟಿವಿ ಜೊತೆ ಹುಟ್ಟಿತು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅದಕ್ಕೂ 40 ವರ್ಷ ಮೊದಲೇ ಅಮೆರಿಕದ ಹೋಟೆಲು, ಬಾರುಗಳಲ್ಲಿ ಪ್ಯಾನೋರಾಮ್ ಅನ್ನೋ ಬೀರುವಿನಂಥ ಪೆಟ್ಟಿಗೆ ಇತ್ತು. 10 ಸೆಂಟ್ ನಾಣ್ಯ ಹಾಕಿದರೆ ಪರದೆಯ ಮೇಲೆ ಸುಮಾರು 3 ನಿಮಿಷದ ಹಾಡು. ಇವಕ್ಕೆ ಸೌಂಡೀಸ್ ಅಂತ ಹೆಸರು. ಒಂದು ರೀಲಿನಲ್ಲಿ 8 ಹಾಡು. ನಿಮಗೆ ಬೇಕಾದ ಹಾಡನ್ನು ಆರಿಸೋಕೆ ಆಗ್ತಿರಲಿಲ್ಲ, ಸರದಿಯಲ್ಲಿ ಯಾವುದು ಬರುತ್ತೋ ಅದನ್ನೇ ನೋಡಬೇಕು. ಎಲ್ಲೋ ನೋಡಿದ ಹಾಗಿದೆ ಅಲ್ವಾ?

ಕಪ್ಪು ಜನಾಂಗದ ಸಂಗೀತಗಾರರಿಗೆ ಇವು ದೊಡ್ಡ ಅವಕಾಶ. ಯಾಕಂದ್ರೆ ಹಾಲಿವುಡ್‌ನ ದೊಡ್ಡ ಚಿತ್ರಗಳಲ್ಲಿ ಅವರಿಗೆ ಸಿಗ್ತಿದ್ದದ್ದು ಅಡುಗೆಯವಳು, ಆಳು, ನಗಿಸುವ ದಡ್ಡ. ಲೀನಾ ಹಾರ್ನ್ ಅವರಂಥ ಗಾಯಕಿ ತೆರೆಗೆ ಬಂದರೂ ಅವರ ಹಾಡುಗಳನ್ನ ಕಥೆಗೆ ಅಂಟದ ಹಾಗೆ ಚಿತ್ರಿಸುತ್ತಿದ್ದರು. ದಕ್ಷಿಣದ ರಾಜ್ಯಗಳ ಥಿಯೇಟರಿನವರು ಬೇಡ ಅಂದ್ರೆ ಕತ್ತರಿಸಿ ತೆಗೆಯೋಕೆ ಸುಲಭ ಆಗಲಿ ಅಂತ.

4/8
ಈಗ ಮೊದಲ ಫಿಲ್ಮು: ‘ಸೇಂಟ್ ಲೂಯಿಸ್ ಬ್ಲೂಸ್’, 1929. ನಿರ್ದೇಶಕ ಡಡ್ಲಿ ಮರ್ಫಿ. ಸುಮಾರು 16 ನಿಮಿಷ. ಹಾಡು ಬರೆದವರು ಡಬ್ಲ್ಯೂ. ಸಿ. ಹ್ಯಾಂಡಿ, ಅದು 1914ರ ಹಾಡು. ಹಾಡಿದವರು ಬೆಸ್ಸಿ ಸ್ಮಿತ್, ಜನ ‘ಬ್ಲೂಸ್ ಸಾಮ್ರಾಜ್ಞಿ’ ಅಂತ ಕರೆಯುತ್ತಿದ್ದ ಗಾಯಕಿ. ಅವರು ನಟಿಸಿದ್ದು ಇದೊಂದೇ ಫಿಲ್ಮು. ಇದು ಇಲ್ಲದೇ ಹೋಗಿದ್ದರೆ ಬೆಸ್ಸಿ ಹಾಡುವುದನ್ನ ಕಣ್ಣಾರೆ ನೋಡುವ ಭಾಗ್ಯ ನಮಗೆ ಇರ್ತಿರಲಿಲ್ಲ.

ಆದರೆ ಸಾಮ್ರಾಜ್ಞಿಯನ್ನ ಹೇಗೆ ತೋರಿಸಿದರು ನೋಡಿ. ಜೂಜಾಡುವ ಗಂಡಸರು. ಮೋಸ ಮಾಡುವ ಪ್ರಿಯಕರ. ಅವನು ಹೊಡೆದು ಬಿಟ್ಟು ಹೋಗ್ತಾನೆ. ಇವರು ಬಾರಿನ ಕಟ್ಟೆಗೆ ಒರಗಿ, ಮುಂದೆ ಬಿಯರ್ ಇಟ್ಟುಕೊಂಡು ಹಾಡ್ತಾರೆ. ಅವನು ವಾಪಸ್ ಬಂದು, ಜೊತೆಗೆ ಕುಣಿದು, ಇವರ ದುಡ್ಡು ಕದ್ದು ಮತ್ತೆ ಹೋಗ್ತಾನೆ. ಕಪ್ಪು ಜನ ಅಂದರೆ ಕುಡಿತ, ಜೂಜು, ಹೊಡೆದಾಟ ಅನ್ನೋ ಹಳೇ ಅಚ್ಚೇ ಇದು. ವೇದಿಕೆಯ ಮೇಲೆ ಗರಿ, ಮಣಿಗಳ ವೈಭವದಲ್ಲಿ ಮೆರೆಯುತ್ತಿದ್ದ ಹೆಣ್ಣುಮಗಳು ಇಲ್ಲಿ ಸಾದಾ ಬಟ್ಟೆಯಲ್ಲಿ, ಸೋತವಳಾಗಿ ನಿಂತಿದ್ದಾರೆ.

ಇಷ್ಟರಲ್ಲೇ ಬಿಟ್ಟರೆ ಅರ್ಧ ಮಾತ್ರ ನೋಡಿದ ಹಾಗೆ. ಬೆಸ್ಸಿ ಬಾಯಿ ತೆರೆದ ಮೇಲೆ ಕಥೆ ಸಣ್ಣದಾಗುತ್ತೆ. ಕುಡಿಯುತ್ತಾ ಕೂತಿದ್ದ ಬಾರಿನ ಜನ ದನಿಗೂಡಿಸ್ತಾರೆ, ಬಾರು ಪ್ರಾರ್ಥನೆಯ ಮನೆಯ ಹಾಗೆ ಕೇಳಿಸುತ್ತೆ. ಕಥೆ ಅವರನ್ನ ಸೋಲಿಸಿತು, ದನಿ ಸೋಲಲಿಲ್ಲ. ಚಿತ್ರ ಹೇಳುವುದು ಒಂದು, ಹಾಡು ಹೇಳುವುದು ಇನ್ನೊಂದು. ಮ್ಯೂಸಿಕ್ ವಿಡಿಯೋ ಓದುವಾಗ ಈ ಎರಡನ್ನೂ ಬೇರೆ ಬೇರೆ ಹಿಡಿದು ನೋಡಬೇಕು.

5/8
ಎರಡನೆಯದು: ‘ಜ್ಯಾಮಿನ್ ದ ಬ್ಲೂಸ್’, 1944. ಹತ್ತು ನಿಮಿಷ. ವಾರ್ನರ್ ಬ್ರದರ್ಸ್ ತಯಾರಿಕೆ. ನಿರ್ದೇಶಕ ಜಾನ್ ಮಿಲಿ, ‘ಲೈಫ್’ ಪತ್ರಿಕೆಗೆ ಫೋಟೋ ತೆಗೆಯುತ್ತಿದ್ದವರು. ಸಂಗೀತಗಾರರನ್ನ ಒಟ್ಟುಮಾಡಿದ್ದು ನಾರ್ಮನ್ ಗ್ರಾಂಜ್.

ಮೊದಲ ಶಾಟ್: ಕತ್ತಲಲ್ಲಿ ಒಂದರೊಳಗೊಂದು ಇರುವ ಬಿಳಿ ವೃತ್ತಗಳು. ಏನು ಅಂತ ಗೊತ್ತಾಗಲ್ಲ. ಹೊಗೆ ಏಳುತ್ತೆ. ವೃತ್ತ ನಿಧಾನವಾಗಿ ಮೇಲೇಳುತ್ತೆ. ಅದು ಒಬ್ಬ ಮನುಷ್ಯನ ಟೋಪಿ! ಟೋಪಿಯ ಕೆಳಗೆ ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ಅವರ ಮುಖ. ಆಮೇಲೆ ಬರೀ ಕಪ್ಪು ಮತ್ತು ಬಿಳುಪು. ಕೆಲವೊಮ್ಮೆ ಹಿನ್ನೆಲೆ ಪೂರ್ತಿ ಕತ್ತಲು, ಕೆಲವೊಮ್ಮೆ ಪೂರ್ತಿ ಬೆಳಕು, ಅದರ ಮುಂದೆ ವಾದಕರ ನೆರಳಿನಂಥ ಆಕಾರ. ಒಂದು ಕಡೆ ಇಲಿನಾಯ್ ಜಾಕೇ ಅವರ ಒಂದೇ ಆಕೃತಿ ಹಲವಾಗಿ ಸಾಲುಗಟ್ಟುತ್ತೆ. ಮೇರಿ ಬ್ರಯಂಟ್ ಹಾಡ್ತಾರೆ, ಆಮೇಲೆ ಆರ್ಚಿ ಸ್ಯಾವೇಜ್ ಜೊತೆ ಕುಣೀತಾರೆ.

ಈಗ ಏನೇನು ಇಲ್ಲ ಅಂತ ನೋಡಿ. ಬಾರಿಲ್ಲ. ಗಿರಾಕಿಗಳಿಲ್ಲ. ಕಥೆಯಿಲ್ಲ. ನಗಿಸುವ ಪಾತ್ರ ಇಲ್ಲ. ಯಾರಿಗೂ ಸೇವೆ ಮಾಡದೆ, ಒಳ್ಳೆಯ ಬಟ್ಟೆ ಹಾಕ್ಕೊಂಡು, ಒಬ್ಬರನ್ನೊಬ್ಬರು ಕೇಳಿಸ್ಕೊಂಡು ನುಡಿಸುವ ಕಲಾವಿದರಷ್ಟೇ ಇದ್ದಾರೆ. 1944ರ ಅಮೆರಿಕದ ಪರದೆಯ ಮೇಲೆ ಇದು ಸಣ್ಣ ಸಂಗತಿ ಅಲ್ಲ. ಬೆಳಕೇ ಇಲ್ಲಿ ಮರ್ಯಾದೆ.

6/8
ಆದರೆ ಅದೇ ಫಿಲ್ಮಿನ ಕತ್ತಲಲ್ಲಿ ಒಬ್ಬರು ಕೂತಿದ್ದಾರೆ. ಗಿಟಾರ್ ವಾದಕ ಬಾರ್ನಿ ಕೆಸೆಲ್. ಆ ತಂಡದಲ್ಲಿದ್ದ ಒಬ್ಬನೇ ಬಿಳಿಯ. ಕಪ್ಪು, ಬಿಳಿ ಜನ ಸಮನಾಗಿ ಕೂತು ನುಡಿಸುವ ದೃಶ್ಯವನ್ನ ದಕ್ಷಿಣದ ಥಿಯೇಟರುಗಳು ಒಪ್ಪಲ್ಲ ಅನ್ನೋ ಭಯ ಸ್ಟುಡಿಯೋಗೆ. ತೆಗೆದುಬಿಡಿ ಅಂದರು. ಗ್ರಾಂಜ್ ಒಪ್ಪಲಿಲ್ಲ. ಕೊನೆಗೆ ಆದ ರಾಜಿ: ಕೆಸೆಲ್ ಅವರನ್ನ ನೆರಳಲ್ಲಿ ಕೂರಿಸಿದರು. ಕೈಯ ಕ್ಲೋಸಪ್ ತೆಗೆಯುವಾಗ ಕೈಗೆ ಹಣ್ಣಿನ ರಸ ಬಳಿದು ಕಪ್ಪಾಗಿ ಕಾಣುವ ಹಾಗೆ ಮಾಡಿದರು.

ಇದನ್ನ ತಿಳ್ಕೊಂಡ ಮೇಲೆ ಆ ಚೆಂದದ ನೆರಳನ್ನ ಇನ್ನೊಂದು ಸಲ ನೋಡಿ. ಸ್ಟೈಲ್ ಅಂತ ಅಂದುಕೊಂಡಿದ್ದರಲ್ಲಿ ಸ್ವಲ್ಪ ಭಾಗ ಸೆನ್ಸಾರ್. ಅವರು ಒಟ್ಟಿಗೆ ನುಡಿಸಿದ್ದು ನಿಜ. ಆ ನಿಜವನ್ನ ಚಿತ್ರ ಮುಚ್ಚಿಡಬೇಕಾಯ್ತು. ಕಿವಿಗೆ ಕೇಳುವ ಸಂಗೀತದಲ್ಲಿ ಭೇದ ಇಲ್ಲ, ಕಣ್ಣಿಗೆ ತೋರಿಸುವಾಗ ಭೇದ ಬಂತು.

ಇನ್ನೂ ಒಂದು ಮಾತು. ಕಪ್ಪು ಹಿನ್ನೆಲೆ ಕಲಾವಿದರಿಗೆ ಮರ್ಯಾದೆ ಕೊಟ್ಟಿತು, ಊರನ್ನ ಅಳಿಸಿತು. ಅವರು ಎಲ್ಲಿ ಬದುಕುತ್ತಾರೆ, ಮನೆಗೆ ಹೋಗುವಾಗ ಏನಾಗುತ್ತೆ, ಅದು ಫ್ರೇಮಿನಲ್ಲಿ ಇಲ್ಲ. ಫಿಲ್ಮು ಬಿಡುಗಡೆ ಆಗುವ ಹೊತ್ತಿಗೆ ಲೆಸ್ಟರ್ ಯಂಗ್ ಅವರನ್ನ ಸೈನ್ಯಕ್ಕೆ ಸೇರಿಸಿಕೊಂಡಿದ್ದರು. 1945ರಲ್ಲಿ ಮಾದಕ ವಸ್ತುವಿನ ಆರೋಪದ ಮೇಲೆ ಸೇನಾ ನ್ಯಾಯಾಲಯ ಶಿಕ್ಷೆ ಕೊಟ್ಟು ಜಾರ್ಜಿಯಾದ ಸೇನಾ ಬಂದೀಖಾನೆಗೆ ಕಳಿಸಿತು. ಹೊರಗೆ ಬಂದ ಮೇಲೆ ಅವರು ನುಡಿಸಿದ ಒಂದು ರಚನೆಯ ಹೆಸರು ‘ಡಿ.ಬಿ. ಬ್ಲೂಸ್’. ಡಿ.ಬಿ. ಅಂದರೆ ಡಿಟೆನ್ಷನ್ ಬ್ಯಾರಕ್ಸ್, ಆ ಬಂದೀಖಾನೆಯೇ. ಟೋಪಿಯ ಆ ಸುಂದರ ಶಾಟ್ ಅವರನ್ನ ಕಾಪಾಡಲಿಲ್ಲ.

7/8
“ಇದೆಲ್ಲ ಅಮೆರಿಕದ ಕಥೆ, ನಮಗೇನು?” ಅಂತೀರಾ? ಸೊರಬದಿಂದ ಬನವಾಸಿ, ಶಿರಸಿ ದಾಟಿ ಯಲ್ಲಾಪುರದ ಕಡೆ ಹೋಗಿ. ಅಲ್ಲಿ, ಹಳಿಯಾಳ, ಮುಂಡಗೋಡಿನಲ್ಲಿ ಸಿದ್ದಿ ಜನ ಇದ್ದಾರೆ. ಬ್ಲೂಸ್ ಕಟ್ಟಿದವರ ಹಿರಿಯರ ಹಾಗೆಯೇ ಇವರ ಹಿರಿಯರಲ್ಲಿ ಬಹಳ ಮಂದಿಯನ್ನ ಆಫ್ರಿಕಾದಿಂದ ಗುಲಾಮರಾಗಿ ತಂದದ್ದು. ಒಂದು ಹಡಗು ಅತ್ತ ಹೋಯ್ತು, ಇನ್ನೊಂದು ಇತ್ತ ಬಂತು. ಇವರು ಕನ್ನಡ, ಕೊಂಕಣಿ ಮಾತಾಡ್ತಾರೆ, ಡಮಾಮಿ ಬಾರಿಸ್ತಾರೆ. 2003ರಲ್ಲಿ ಇವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು.

2021ರ ‘ಸಲಗ’ ಚಿತ್ರದ ‘ಟಿಣಿಂಗ ಮಿಣಿಂಗ ಟಿಶ್ಯಾ’ ನೆನಪಿದೆಯಾ? ಸಂಗೀತ ಚರಣ್ ರಾಜ್. ಅದರಲ್ಲಿ ನೀವು ಕೇಳಿದ ದನಿಗಳಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಅವರದ್ದೂ ಇದೆ. ಆ ಆಡಿಯೋ ಹಾಕಿ ಕಾಲೇಜ್ ಡೇಯಲ್ಲಿ ಎಷ್ಟು ಜನ ಕುಣಿದ್ವಿ! ಅದರಲ್ಲಿ ಎಷ್ಟು ಜನ ಹಾಡಿದವರ ಹೆಸರು ಹುಡುಕಿದ್ವಿ? ಈಗ ಆ ಹಾಡಿನ ವಿಡಿಯೋ ತೆರೆದು ನಾಲ್ಕು ಪ್ರಶ್ನೆ ಕೇಳಿ: ಯಾರ ಮುಖಕ್ಕೆ ಕ್ಲೋಸಪ್, ಯಾರು ಸಾಲಾಗಿ ಹಿಂದೆ, ಜಾಗ ಅವರದ್ದೋ ಸೆಟ್ಟೋ, ನಮಗೆ ನೆನಪಿರುವ ಹೆಸರು ಯಾರದ್ದು? ಉತ್ತರ ನಾನು ಹೇಳಲ್ಲ, ನೀವೇ ಕಾಮೆಂಟಲ್ಲಿ ಬರೀರಿ.

8/8
ಈಗ ಕ್ಯಾಮೆರಾ ನಮ್ಮ ಕೈಯಲ್ಲೇ ಇದೆ. ಹುಚ್ಚರಾಯಸ್ವಾಮಿ ತೇರು, ಚಂದ್ರಗುತ್ತಿ ಜಾತ್ರೆ, ಗಣಪತಿ ಬಿಡುವ ಮೆರವಣಿಗೆ, ಎಲ್ಲಿ ಡೊಳ್ಳು ಬಂದರೂ ಮೊಬೈಲ್ ಮೇಲೇಳುತ್ತೆ. ಸ್ಲೋ ಮೋಷನ್, ಹಾರುವ ಭಂಡಾರ, ಮೇಲೆ ಸಿನಿಮಾ ಹಾಡು. ಅಂದರೆ ಡೊಳ್ಳು ಬಾರಿಸುವವರ ಕೈ ಕಾಣುತ್ತೆ, ಅವರ ತಾಳ ಕೇಳಿಸಲ್ಲ! ಬೆಸ್ಸಿಗೆ ಕಥೆ ಸೋಲು ಕೊಟ್ಟರೂ ದನಿ ಉಳಿಸಿತ್ತು. ನಾವು ದನಿಯನ್ನೇ ತೆಗೆದುಬಿಡ್ತೀವಿ.

ಮುಂದಿನ ಸಲ ಇಷ್ಟು ಮಾಡಿ. ಒಂದು, ಅವರ ಸದ್ದನ್ನೇ ಇಡಿ. ಎರಡು, ಮುಖ ತೋರಿಸುವ ಮೊದಲು ಕೇಳಿ. ಮೂರು, ಒಪ್ಪಿದರೆ ತಂಡದ ಹೆಸರು, ಊರಿನ ಹೆಸರು ಕ್ಯಾಪ್ಷನ್ನಿನ ಮೊದಲ ಸಾಲಿನಲ್ಲಿ ಹಾಕಿ. 1162ರಲ್ಲಿ ಶಾಸನ ಬರೆದವನಿಗೆ ಕಲ್ಲಿನಲ್ಲಿ ಜಾಗ ಸಾಲಲಿಲ್ಲವೇನೋ. ನಮ್ಮ ಕ್ಯಾಪ್ಷನ್ನಿನಲ್ಲಿ 2200 ಅಕ್ಷರಕ್ಕೆ ಜಾಗ ಇದೆ.

ಸೇವ್ ಮಾಡ್ಕೊಳ್ಳಿ, ನಿಮ್ಮ ಕ್ಲಾಸಿನ ಡೊಳ್ಳಿನ ಟೀಮಿಗೆ ಕಳಿಸಿ. ನಿಮ್ಮೂರಿನ ವೀರಗಲ್ಲಿನಲ್ಲಿ ವಾದ್ಯ ನುಡಿಸುವವರು ಕಂಡರೆ ಫೋಟೋ ತೆಗೆದು ಊರಿನ ಹೆಸರಿನ ಜೊತೆ ಟ್ಯಾಗ್ ಮಾಡಿ.

#ಬಳ್ಳಿಗಾವಿ #ಸೊರಬ #ಶಿಕಾರಿಪುರ #ವೀರಗಲ್ಲು #ಬ್ಲೂಸ್ #ಜಾಝ್ #ಸಿದ್ದಿ #ಡೊಳ್ಳುಕುಣಿತ #ಕನ್ನಡದಲ್ಲಿಇತಿಹಾಸ