ಸಿಂಹದ ಮರಿಗಳು ಕಲಿಸಿದ ಆಹಾರ ವಿಜ್ಞಾನ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಶಾಲಾಮಕ್ಕಳು ಪ್ರವಾಸ ಹೋಗುವ ತಾಣಗಳಲ್ಲಿ ಮಂಗಳೂರು ಸಮೀಪದ ಪಿಲಿಕುಳವೂ ಒಂದು. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ. ಅಲ್ಲಿನ ಮೃಗಾಲಯದ ಹುಲಿಗೆ ಮಾಂಸ ಹಾಕಿದರೆ ಸಾಕಲ್ಲವೇ? ಸಾಲದು ಎಂಬ ಪಾಠ ಅನೇಕ ಮರಿಗಳನ್ನು ಕಳೆದುಕೊಂಡ ಮೇಲೆ ಬಂದದ್ದು.

ಲಂಡನ್ ಮೃಗಾಲಯದಲ್ಲಿ ಮುಖ್ಯವಾಗಿ ಎಲುಬಿಲ್ಲದ ಕುದುರೆ ಮಾಂಸ ತಿಂದು ಬೆಳೆಯುತ್ತಿದ್ದ ಸಿಂಹದ ಮರಿಗಳು ರಿಕೆಟ್ಸ್ ರೋಗದಿಂದ ಮೂಳೆ ಬಾಗಿ ಸಾಯುತ್ತಿದ್ದವು. 1889ರಲ್ಲಿ ಶಸ್ತ್ರವೈದ್ಯ ಜಾನ್ ಬ್ಲಾಂಡ್-ಸಟನ್ ಅವರ ಸಲಹೆಯಂತೆ ಪುಡಿಮಾಡಿದ ಎಲುಬು, ಹಾಲು ಮತ್ತು ಕಾಡ್ ಮೀನಿನ ಯಕೃತ್ತಿನ ಎಣ್ಣೆಯನ್ನು ಕೊಡಲಾಯಿತು. ಮೂರು ತಿಂಗಳಲ್ಲಿ ಮರಿಗಳು ಚೇತರಿಸಿಕೊಂಡವು. ಬರಿಯ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಅತ್ಯಲ್ಪ. ಎಲುಬು ಆ ಕೊರತೆಯನ್ನು ತುಂಬಿತು. ಕ್ಯಾಲ್ಸಿಯಂ ಹೀರಿಕೆಗೆ ನೆರವಾದದ್ದು ಎಣ್ಣೆಯಲ್ಲಿದ್ದ ‘ಡಿ’ ಜೀವಸತ್ತ್ವ. ಅದು ‘ಎ’ ಜೀವಸತ್ತ್ವಕ್ಕಿಂತ ಬೇರೆಯೆಂದು ಎಲ್ಮರ್ ಮೆಕಾಲಮ್ ಮತ್ತು ಸಂಗಡಿಗರು ತೋರಿಸಿದ್ದು 1922ರಲ್ಲಿ.

‘ಏನು’ ಎಂಬುದಾಯಿತು, ‘ಎಷ್ಟು’? 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಕಂಡುಕೊಂಡಂತೆ, ವಿಶ್ರಾಂತಿಯಲ್ಲಿರುವ ಪ್ರಾಣಿಗೆ ಬೇಕಾದ ಶಕ್ತಿಯು ಸುಮಾರಾಗಿ ಅದರ ತೂಕದ ಮುಕ್ಕಾಲನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ತೂಕ 16 ಪಟ್ಟಾದರೆ ಶಕ್ತಿ 8 ಪಟ್ಟು ಸಾಕು.

ಮೃಗಾಲಯದ ಆಹಾರತಜ್ಞರ ಕೆಲಸಕ್ಕೆ ಇಂಥ ಲೆಕ್ಕವೇ ಬುನಾದಿ. ಪಶುವೈದ್ಯಕೀಯ ಪದವಿಯ ನಂತರ ಪಶು ಆಹಾರಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿ ಈ ವೃತ್ತಿಯತ್ತ ಸಾಗಬಹುದು. ಮುಂದಿನ ಪ್ರವಾಸದಲ್ಲಿ ವಿದ್ಯಾರ್ಥಿಗಳು ಕೇಳಲಿ: ಹುಲಿಯ ಊಟದಲ್ಲಿ ಎಲುಬಿದೆಯೇ?