ಒಳಸರಿದ ಪೊರೆ ಮರಳಿ ಬರುವ ಬಗೆ

ರಾಯದುರ್ಗ, ಮಡಕಶಿರಾ ಸೀಮೆಯ ಹಿರಿಯರಿಗೆ ಕಪಿಲೆ ಬಾವಿಯನ್ನು ಪರಿಚಯಿಸಬೇಕಾಗಿಲ್ಲ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ತೊಗಲಿನ ಚೀಲ ತುಂಬಿ ಮೇಲೇರುತ್ತದೆ. ನೀರು ಕಾಲುವೆಗೆ ಸುರಿಯುತ್ತದೆ. ಬರಿದಾದ ಚೀಲ ಮತ್ತೆ ಬಾವಿಗಿಳಿಯುತ್ತದೆ. ಪ್ರತಿ ಸಲದ ನೀರಿಗೂ ಹೊಸ ಚೀಲ ಹೊಲಿಸಬೇಕಾಗಿದ್ದರೆ ಬೇಸಾಯವೇ ನಿಲ್ಲುತ್ತಿತ್ತು. ನಮ್ಮ ಜೀವಕೋಶಗಳೂ ಇದೇ ಮಿತವ್ಯಯವನ್ನು ಪಾಲಿಸುತ್ತವೆ. ಆದರೆ ಅದು ವಿಜ್ಞಾನಕ್ಕೆ ಸ್ಪಷ್ಟವಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಕೆಲವು ಕೋಶಗಳು ಹೊರಗಿನ ಕಣಗಳನ್ನು ನುಂಗುತ್ತವೆಂಬುದನ್ನು ರಷ್ಯದ ಮೆಚ್ನಿಕಾಫ್ 1882ರಲ್ಲಿ ಕಡಲ ಜೀವಿಗಳ ಮೇಲಿನ ಪ್ರಯೋಗಗಳಿಂದ ಗುರುತಿಸಿದನು. ನುಂಗಿದ್ದು ಜೀರ್ಣವಾಗುವ ಕೋಣೆಗೆ ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ಡಿ ಡೂವ್ 1955ರಲ್ಲಿ ಲೈಸೋಸೋಮ್ ಎಂದು ಹೆಸರಿಟ್ಟನು. ಆಗ ಉಳಿದ ಪ್ರಶ್ನೆಯೊಂದು: ನುಂಗುವಾಗ ಕೋಶದ ಹೊರಪೊರೆಯೇ ಚೀಲವಾಗಿ ಒಳಸರಿಯುತ್ತದೆ, ಆ ಪೊರೆಯ ಗತಿಯೇನು?

1976ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ರಾಲ್ಫ್ ಸ್ಟೈನ್‌ಮನ್ ಮತ್ತು ಸಂಗಡಿಗರು ಇದನ್ನು ಅಳೆದರು. ಇಲಿಯ ಭಕ್ಷಕ ಕೋಶವೊಂದು ಸುಮಾರು 33 ನಿಮಿಷಗಳಲ್ಲಿ ತನ್ನ ಇಡೀ ಹೊರಮೈಯಷ್ಟು ಪೊರೆಯನ್ನು ಒಳಗೆಳೆದುಕೊಳ್ಳುತ್ತಿತ್ತು. ಆದರೂ ಕೋಶ ಕುಗ್ಗಲಿಲ್ಲ. ಅಷ್ಟು ಬೇಗ ಹೊಸ ಪೊರೆ ತಯಾರಾಗುವುದೂ ಅಸಾಧ್ಯ. ಹೋದ ಪೊರೆ ಹಿಂದಿರುಗುತ್ತಿದೆಯೆಂಬುದೊಂದೇ ಸಮಂಜಸ ಉತ್ತರವಾಗಿತ್ತು.

ಅದೇ ದಶಕದಲ್ಲಿ ಡಲ್ಲಾಸ್ ನಗರದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ರಕ್ತದ ಕೊಲೆಸ್ಟರಾಲ್ ಕಣಗಳನ್ನು ಹಿಡಿಯುವ ಗ್ರಾಹಕ ಪ್ರೋಟೀನನ್ನು ಅಧ್ಯಯನ ಮಾಡಿದರು. ಕೋಶದೊಳಗಿನ ಎಂಡೋಸೋಮ್ ಎಂಬ ಕೋಣೆಯ ಆಮ್ಲೀಯತೆಯಲ್ಲಿ ಗ್ರಾಹಕವು ಕಣವನ್ನು ಬಿಟ್ಟುಕೊಡುತ್ತದೆ. ಕಣ ಲೈಸೋಸೋಮಿಗೆ ಹೋದರೆ, ಗ್ರಾಹಕ ಹೊರಪೊರೆಗೆ ಮರಳುತ್ತದೆ. ಒಂದು ಸುತ್ತಿಗೆ ಸುಮಾರು 10 ನಿಮಿಷ; ಸುಮಾರು 20 ಗಂಟೆಗಳ ಆಯುಸ್ಸಿನಲ್ಲಿ ನೂರಕ್ಕೂ ಹೆಚ್ಚು ಪ್ರಯಾಣ. ಅವರಿಬ್ಬರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಈ ಚರಿತ್ರೆಯ ಮುಂದಿನ ಅಧ್ಯಾಯಕ್ಕೆ ನಮ್ಮ ನೆರೆಯ ಬೆಂಗಳೂರೂ ಸೇರುತ್ತದೆ. ಸತ್ಯಜಿತ್ ಮೇಯರ್ ಅವರು ಅಮೆರಿಕದಲ್ಲಿದ್ದಾಗ ಫ್ರೆಡರಿಕ್ ಮ್ಯಾಕ್ಸ್‌ಫೀಲ್ಡ್ ಅವರೊಡನೆ 1993ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಪೊರೆಯ ಕೊಬ್ಬಿನಂಶವೂ ಗ್ರಾಹಕಗಳೂ ಒಂದೇ ವೇಗದಲ್ಲಿ ಮರಳುವುದು ಕಂಡುಬಂದಿತು. ಮರಳುವುದಕ್ಕೆ ವಿಶೇಷ ರಹದಾರಿ ಬೇಕಿಲ್ಲ. ಅದೇ ಪೊರೆಯ ಸಹಜ ಹಾದಿ. ಬಳಿಕ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಅವರ ತಂಡ, ಕೆಲವು ಪ್ರೋಟೀನುಗಳು ಬೇರೊಂದು ದಾರಿಯಿಂದ ಒಳಬರುವುದನ್ನು 2002ರಲ್ಲಿ ತೋರಿಸಿತು.

ಇದು ಪ್ರಯೋಗಶಾಲೆಯ ಕುತೂಹಲ ಮಾತ್ರವಲ್ಲ. 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳ ಅತಿ ಕೊಲೆಸ್ಟರಾಲಿಗೆ ಪಿಸಿಎಸ್‌ಕೆ9 ಎಂಬ ವಂಶವಾಹಿಯ ದೋಷ ಕಾರಣವೆಂದು ತಿಳಿಯಿತು. ಅದರಿಂದ ತಯಾರಾಗುವ ಪ್ರೋಟೀನು ಗ್ರಾಹಕಕ್ಕೆ ಅಂಟಿಕೊಂಡು, ಅದನ್ನು ಮರಳಗೊಡದೆ ಲೈಸೋಸೋಮಿಗೆ ನೂಕುತ್ತದೆ. ಗ್ರಾಹಕಗಳು ಕಡಿಮೆಯಾದಂತೆ ರಕ್ತದಲ್ಲಿ ಕೊಲೆಸ್ಟರಾಲ್ ಏರಿ, ಹೃದಯದ ನಾಳಗಳು ಕಟ್ಟಿಕೊಳ್ಳುತ್ತವೆ. ಈ ಪ್ರೋಟೀನನ್ನು ತಡೆಯುವ ಔಷಧಗಳಿಗೆ 2015ರಲ್ಲಿ ಅನುಮತಿ ದೊರೆಯಿತು. ಪೊರೆ ಎಲ್ಲಿಗೆ ಹೋಗುತ್ತದೆಂದು ಕೇಳಿದ ಶುದ್ಧ ಜಿಜ್ಞಾಸೆ, ನಾಲ್ಕು ದಶಕಗಳ ತರುವಾಯ ಹೃದ್ರೋಗಿಗಳಿಗೆ ಆಸರೆಯಾಯಿತು.